ಆದರ್ಶ ಪುರುಷನ ನಿರ್ಮಾಣವೂ ಅಧ್ಯಾಪಕನ ಮೌನವೂ: ಹೋರ್ವಾಟನ ಒಂದು ಕಾದಂಬರಿಯ ವಿವೇಚನೆ

ತರುಣರನ್ನು ಯುದ್ಧಕ್ಕೆ ಅಣಿಗೊಳಿಸುವುದು ರಾಜ್ಯಗಳಿಗೆ ಹೊಸ ಕಾರ್ಯವೇನೂ ಅಲ್ಲ. ಆದರೆ ಇಪ್ಪತ್ತನೆಯ ಶತಮಾನದ ಫ್ಯಾಸಿಸ್ಟ್ ಪ್ರಭುತ್ವಗಳು ಸೈನಿಕ ಶಿಕ್ಷಣವನ್ನು ಸೈನ್ಯದ ಅಗತ್ಯಕ್ಕೆ ಮೀಸಲಿರಿಸದೆ, ಪೂರ್ಣ ಮನುಷ್ಯನನ್ನು ಎರಕ ಹೊಯ್ಯುವ ಮೂಸೆಯೇ ಅದೆಂದು ಸಾರಿದವು. ಇಟಲಿಯಲ್ಲಿ 1926ರಲ್ಲಿ ಸ್ಥಾಪಿತವಾದ ಬಲಿಲ್ಲಾ ಸಂಸ್ಥೆಯು ಎಳೆಯ ಬಾಲಕರ ಕೈಗೂ ಚಿಕ್ಕ ಗಾತ್ರದ ಬಂದೂಕನ್ನು ಕೊಟ್ಟಿತು. ಜರ್ಮನಿಯಲ್ಲಿ 1932ರ ಕೊನೆಗೆ ಸುಮಾರು 1 ಲಕ್ಷ ಸದಸ್ಯರಿದ್ದ ಹಿಟ್ಲರ್ ಯುವದಳವು 1936ರ ಕೊನೆಗೆ 54 ಲಕ್ಷವನ್ನು ಮುಟ್ಟಿತು. 1939ರಲ್ಲಿ ಅದರ ಸೇವೆ ಕಡ್ಡಾಯವಾಯಿತು. ದೇಹದಾರ್ಢ್ಯ ಮೊದಲು, ಶೀಲ ಅನಂತರ, ಜ್ಞಾನ ಕಟ್ಟಕಡೆಗೆ ಎಂಬುದು ಹಿಟ್ಲರನು ತನ್ನ ಗ್ರಂಥದಲ್ಲಿ ಹಾಕಿಕೊಟ್ಟಿದ್ದ ಕ್ರಮ.

ಈ ಎರಕದ ಒಳಗನ್ನು ಅದು ಇನ್ನೂ ಕಾದಿದ್ದಾಗಲೇ ಕಂಡು ಬರೆದವರು ವಿರಳ. ಅವರಲ್ಲಿ ಎಡನ್ ಫಾನ್ ಹೋರ್ವಾಟ್ (1901–1938) ಒಬ್ಬನು. ಜರ್ಮನ್ ಭಾಷೆಯಲ್ಲಿ ಬರೆದ ಈ ಹಂಗೇರಿ ಪ್ರಜೆಯ ‘ದೇವರಿಲ್ಲದ ಯೌವನ’ ಎಂಬ ಕಾದಂಬರಿ 1937ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾಗಿ, ಮರುವರ್ಷವೇ ಜರ್ಮನಿಯಲ್ಲಿ ನಿಷಿದ್ಧವಾಯಿತು. ಕಥೆಯಲ್ಲಿ ದೇಶದ ಹೆಸರಿಲ್ಲ. ಕಥೆ ಹೇಳುವವನು ಒಬ್ಬ ಶಾಲಾ ಅಧ್ಯಾಪಕ. ಸಾಮಾನ್ಯವಾಗಿ ಇದನ್ನು ಕೆಟ್ಟುಹೋದ ತರುಣರ ಕಥೆಯೆಂದು ಓದುವ ವಾಡಿಕೆಯುಂಟು. ನಮ್ಮ ಅಭಿಪ್ರಾಯದಲ್ಲಿ ಇದು ಪ್ರಧಾನವಾಗಿ ಅಧ್ಯಾಪಕನ ಕಥೆ. ಶಿಬಿರದ ಕವಾಯತಿಗಿಂತ ಮೊದಲೇ ತರಗತಿಯ ಮೌನವು ಆ ಆದರ್ಶ ಪುರುಷನ ಅಸ್ತಿಭಾರವನ್ನು ಹಾಕಿರುತ್ತದೆಂಬುದೇ ಅದರ ತಿರುಳು.

ಕಾದಂಬರಿ ತೊಡಗುವುದು ಪ್ರಬಂಧಗಳನ್ನು ತಿದ್ದುವ ಪ್ರಸಂಗದಿಂದ. ವಸಾಹತುಗಳು ಏಕೆ ಬೇಕೆಂಬ ವಿಷಯದ ಮೇಲೆ ಬರೆಯುತ್ತ ಒಬ್ಬ ಹುಡುಗ ಕರಿಯರನ್ನು ಹೀನರೆಂದು ಹಳಿದಿದ್ದಾನೆ. ಅಧ್ಯಾಪಕನ ಕೆಂಪು ಮಸಿ ಆ ವಾಕ್ಯದ ಮೇಲೆ ಹರಿಯಹೋಗಿ ನಿಲ್ಲುತ್ತದೆ. ರೇಡಿಯೊ ನುಡಿದುದನ್ನು ಅಧ್ಯಾಪಕನು ಹೊಡೆದುಹಾಕುವಂತಿಲ್ಲ. ಪುಸ್ತಕವನ್ನು ಹಿಂದಿರುಗಿಸುವಾಗ ಮಾತ್ರ, ಅವರೂ ಮನುಷ್ಯರೇ ಎಂದು ಬಾಯಲ್ಲಿ ಹೇಳುತ್ತಾನೆ. ಅಷ್ಟಕ್ಕೇ ಹುಡುಗನ ತಂದೆ, ರೊಟ್ಟಿಯಂಗಡಿಯವನು, ಜಗಳಕ್ಕೆ ಬರುತ್ತಾನೆ. ಇವನು ನಮಗೆ ಬೇಡವೆಂದು ತರಗತಿಯೇ ಬರೆದುಕೊಡುತ್ತದೆ. ಮುಖ್ಯೋಪಾಧ್ಯಾಯನಿಗೆ ಎಲ್ಲವೂ ತಿಳಿದಿದೆ. ಆದರೆ ಅವನಿಗೆ ಪೂರ್ತಿ ನಿವೃತ್ತಿವೇತನ ಕೈಸೇರಬೇಕಾಗಿದೆ. ಈ ಪ್ರಕರಣದಲ್ಲಿ ದುಷ್ಟರು ಯಾರೂ ಇಲ್ಲವೆಂಬುದನ್ನು ಗಮನಿಸಬೇಕು. ಇರುವುದು ಅಂಜಿಕೆ ಮಾತ್ರ. 1933ರ ಏಪ್ರಿಲಿನ ಕಾನೂನು ಯೆಹೂದಿ ಅಧ್ಯಾಪಕರನ್ನೂ ನಂಬಿಕೆಗೆ ಅನರ್ಹರೆನಿಸಿದವರನ್ನೂ ಕೆಲಸದಿಂದ ತೆಗೆದ ಮೇಲೆ, ಉಳಿದವರಲ್ಲಿ ಬಹುಪಾಲು ಪಕ್ಷದ ಅಧ್ಯಾಪಕ ಸಂಘವನ್ನು ಸೇರಿದರೆಂಬ ಚಾರಿತ್ರಿಕ ಸಂಗತಿಗೆ ಇದೊಂದು ಭಾಷ್ಯದಂತಿದೆ.

ಹುಡುಗರಿಗೆ ಕಾದಂಬರಿಯಲ್ಲಿ ಹೆಸರಿಲ್ಲ. ಎನ್, ಜೆಡ್, ಟಿ ಎಂಬ ಅಕ್ಷರಗಳಷ್ಟೆ. ಇದನ್ನು ಕೇವಲ ತಂತ್ರವೆಂದು ಬಗೆಯಲಾಗದು. ಆದರ್ಶ ಪುರುಷನನ್ನು ನಿರ್ಮಿಸುವ ವಿಧಾನವೇ ಕಳೆಯುವ ಲೆಕ್ಕ: ಮೊದಲು ಸಂದೇಹ, ಆಮೇಲೆ ಕರುಣೆ, ಕೊನೆಗೆ ಹೆಸರು. ಸಂಸ್ಕೃತದಲ್ಲಿ ವಿನಯವೆಂದರೆ ಶಿಸ್ತೂ ಹೌದು, ನಮ್ರತೆಯೂ ಹೌದು. ಅಲ್ಲಿ ಎರಡನೆಯದನ್ನು ಕಿತ್ತೊಗೆದು ಮೊದಲನೆಯದನ್ನು ಮಾತ್ರ ಉಳಿಸಿಕೊಂಡರು.

ಈಸ್ಟರ್ ರಜೆಯಲ್ಲಿ ತರಗತಿಯು ಗುಡಾರಗಳ ಸೈನಿಕ ಶಿಬಿರಕ್ಕೆ ಹೊರಡುತ್ತದೆ. ಅಲ್ಲಿ ಜೆಡ್ ಎಂಬ ಹುಡುಗ ಗುಟ್ಟಾಗಿ ದಿನಚರಿ ಬರೆಯುತ್ತಾನೆ, ಪೆಟ್ಟಿಗೆಗೆ ಬೀಗವಿಟ್ಟಿದ್ದಾನೆ. ಆ ಶಿಬಿರದಲ್ಲಿ ಸ್ವಂತದ್ದೆಂದು ಉಳಿದಿರುವುದು ಅದೊಂದೇ. ಅದನ್ನು ಒಡೆದು ಓದುವವನು ಸೈನಿಕ ತರಬೇತುದಾರನಲ್ಲ, ನಮ್ಮ ಅಧ್ಯಾಪಕನೇ. ಓದಿದುದನ್ನು ಅವನು ಒಪ್ಪಿಕೊಳ್ಳುವುದಿಲ್ಲ. ಸಂದೇಹ ಎನ್‌ನ ಮೇಲೆ ಬೀಳುತ್ತದೆ, ಎನ್ ಕೊಲೆಯಾಗುತ್ತಾನೆ, ಜೆಡ್ ಅಪರಾಧಿಯ ಕಟಕಟೆಯಲ್ಲಿ ನಿಲ್ಲುತ್ತಾನೆ. ಹೀಗೆ ಕೆಂಪು ಮಸಿಯ ಚಿಕ್ಕ ಮೌನವು ಬೆಳೆದು ಒಂದು ಪ್ರಾಣಕ್ಕೆ ಎರವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ನಿಜವಾದ ಕೊಲೆಗಾರ ಟಿ, ಶ್ರೀಮಂತರ ಮಗ. ಮನುಷ್ಯ ಹೇಗೆ ಸಾಯುತ್ತಾನೆಂದು ನೋಡುವ ತಣ್ಣನೆಯ ಕುತೂಹಲಕ್ಕಾಗಿ ಕೊಂದವನು. ಪಂಥದ ಆವೇಶ ಅವನಲ್ಲಿ ಇಲ್ಲ. ಹಾಗಾದರೆ ಕಾದಂಬರಿಕಾರನು ಪ್ರಭುತ್ವದ ಹೊಣೆಯನ್ನು ಒಬ್ಬ ವಿಕೃತನ ತಲೆಗೆ ಕಟ್ಟಿದನೆ? ಉತ್ತರಾರ್ಧವು ಪತ್ತೇದಾರಿ ಕಥೆಯ ಕಡೆಗೆ ವಾಲುವುದು ನಿಜ, ಅದು ಕೃತಿಯ ಬಿಗಿಯನ್ನು ಸಡಿಲಿಸಿರುವುದೂ ನಿಜ. ಆದರೂ ಆಕ್ಷೇಪ ನಿಲ್ಲದೆಂದು ನಮಗೆ ತೋರುತ್ತದೆ. ಮರುಕವನ್ನು ದೌರ್ಬಲ್ಯವೆಂದು ಕಲಿಸುವ ಶಾಲೆಯಲ್ಲಿ ಮರುಕವಿಲ್ಲದವನು ರೋಗಿಯೆಂದು ಯಾರಿಗೆ ತಾನೆ ತೋರೀತು? ಶಿಬಿರವು ಟಿಯನ್ನು ಸೃಷ್ಟಿಸಲಿಲ್ಲ; ಅವನನ್ನು ಗುರುತಿಸುವ ಕಣ್ಣನ್ನು ಕಳೆಯಿತು.

ನ್ಯಾಯಾಲಯದಲ್ಲಿ ಅಧ್ಯಾಪಕನು ಕೊನೆಗೆ ಸತ್ಯವನ್ನು ನುಡಿಯುತ್ತಾನೆ, ಕೆಲಸವನ್ನು ಕಳೆದುಕೊಳ್ಳುತ್ತಾನೆ. ಆಗಲೇ ಅವನಿಗೆ ತಿಳಿಯುವುದು, ನಿಷಿದ್ಧ ಪುಸ್ತಕಗಳನ್ನು ಕದ್ದು ಓದಿ ಚರ್ಚಿಸುವ ಹುಡುಗರ ಚಿಕ್ಕ ಕೂಟವೊಂದು ಇತ್ತೆಂದು. ಒಬ್ಬ ಹಿರಿಯನಾದರೂ ನಿಜ ಹೇಳಲಿ ಎಂದು ಅವರು ಕಾದಿದ್ದರು. ಎರಕ ಪೂರ್ಣವಾಗಿರಲಿಲ್ಲವೆಂಬ ಈ ದರ್ಶನವೇ ಕೃತಿಯ ಅತ್ಯುನ್ನತ ಸ್ಥಾನ. ಆದರೆ ಅಧ್ಯಾಪಕನು ಆಫ್ರಿಕದ ಮಿಷನ್ ಶಾಲೆಗೆ ಹೊರಟುಹೋಗುತ್ತಾನೆ. ಕಾದಂಬರಿ ಇದನ್ನು ಬಿಡುಗಡೆಯೆಂದು ಭಾವಿಸುವಂತಿದೆ. ಹಿಂದುಳಿದ ಆ ಹುಡುಗರ ಗತಿಯೇನೆಂದು ಓದುಗನು ಕೇಳದಿರಲಾರ.

ಅದಕ್ಕೆ ಉತ್ತರವನ್ನು ಯುದ್ಧವೇ ಕೊಟ್ಟಿತು. 1942ರಿಂದ ತರುಣರಿಗಾಗಿ ಯುದ್ಧಪೂರ್ವ ಶಿಬಿರಗಳು ನಡೆದವು. 1944ರಲ್ಲಿ ರಚಿತವಾದ ಜನಸೇನೆಗೆ ಹದಿನಾರರ ಹುಡುಗರೂ ಸೇರಬೇಕಾಯಿತು. ಗ್ರೆಗೋರ್ ಡಾರ್ಫ್‌ಮೈಸ್ಟರ್ 1958ರಲ್ಲಿ ಬರೆದ ‘ಸೇತುವೆ’ ಕಾದಂಬರಿಯನ್ನು ಆಧರಿಸಿ ಬರ್ನ್‌ಹಾರ್ಟ್ ವಿಕಿ 1959ರಲ್ಲಿ ಮಾಡಿದ ಚಲನಚಿತ್ರದಲ್ಲಿ, 1945ರ ಏಪ್ರಿಲಿನಲ್ಲಿ ಏಳು ಶಾಲಾಬಾಲಕರು ಯಾರಿಗೂ ಬೇಡವಾದ ಒಂದು ಸೇತುವೆಯನ್ನು ಕಾಯುತ್ತ ಒಬ್ಬನ ಹೊರತು ಎಲ್ಲರೂ ಸಾಯುತ್ತಾರೆ. ಅಲ್ಲಿಯೂ ಅಧ್ಯಾಪಕನಿದ್ದಾನೆ. ಮಕ್ಕಳನ್ನು ಬಿಟ್ಟುಬಿಡಿರೆಂದು ಸೇನಾಧಿಕಾರಿಯನ್ನು ಬೇಡುತ್ತಾನೆ. ಆ ಅಧಿಕಾರಿ ತನ್ನ ಮಗನನ್ನು ಆಗಲೇ ಕಳೆದುಕೊಂಡವನು.

ಈ ಎರಡು ಕೃತಿಗಳನ್ನು ಜೊತೆಯಾಗಿ ಓದಿದಾಗ ನಮಗೆ ಎದ್ದು ಕಾಣುವುದು ಅಧ್ಯಾಪಕನ ಮಾತಿಗಿರುವ ಕಾಲಮಿತಿ. ಸೇತುವೆಯ ಬಳಿಯ ಬೇಡಿಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ನಿಷ್ಫಲ. ಪ್ರಬಂಧದ ಪುಟದಲ್ಲಿ ಎಳೆಯಬೇಕಾಗಿದ್ದ ಒಂದು ಕೆಂಪು ಗೆರೆಗೆ ಅದು ಬದಲಿಯಾಗಲಾರದು.