ಹ್ಯಾಮಕ್‌ನಲ್ಲಿ ಚಳಿ ಕೆಳಗಿನಿಂದ

ಹ್ಯಾಮಕ್ ಕಟ್ಟಿ ಕಾಡಿನಲ್ಲಿ ರಾತ್ರಿ ಕಳೆಯುವವರ ನಡುವೆ ಒಂದು ಹಳೆಯ ಜಗಳವಿದೆ: ಸ್ಲೀಪಿಂಗ್ ಬ್ಯಾಗ್ ಮೇಲೋ, ಕ್ವಿಲ್ಟ್ ಮೇಲೋ? ಎರಡೂ ಪಕ್ಷದವರು ಮೈಮೇಲೆ ಏನು ಹೊದೆಯಬೇಕು ಎಂಬುದನ್ನೇ ಹಿಡಿದು ವಾದಿಸುತ್ತಾರೆ. ಎರಡು ಮರಗಳ ನಡುವೆ ಜೋತುಬಿದ್ದ ಬಟ್ಟೆಯಲ್ಲಿ ಮಲಗಿದವನನ್ನು ನಡುರಾತ್ರಿ ಎಬ್ಬಿಸಿ ಕೂರಿಸುವ ಚಳಿ ಮಾತ್ರ ಬೆನ್ನಡಿಯಿಂದ ಬರುತ್ತದೆ. ಆದ್ದರಿಂದ ಈ ಜಗಳವನ್ನು ಕೆಳಗಿನಿಂದ ಶುರುಮಾಡಬೇಕು ಎಂಬುದು ನನ್ನ ಪಕ್ಷ.

ಹೊದಿಕೆಯನ್ನು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಹೊದಿಕೆ ಉಬ್ಬಿದಷ್ಟೂ ಆ ಗಾಳಿ ಹೆಚ್ಚು. ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿದ ಕೂಡಲೇ ಮೈಭಾರಕ್ಕೆ ಅದರ ಅಡಿಭಾಗ ಅಪ್ಪಚ್ಚಿಯಾಗುತ್ತದೆ. ದುಡ್ಡು ಸುರಿದು ಕೊಂಡ ಬಾತುಕೋಳಿ ತುಪ್ಪುಳ (ಡೌನ್) ಅಲ್ಲಿ ಹೆಚ್ಚುಕಡಿಮೆ ಎರಡು ಪದರ ನೈಲಾನ್‌ನಷ್ಟೇ ಕೆಲಸಕ್ಕೆ ಬರುತ್ತದೆ. ನೆಲದ ಮೇಲೆ ಮಲಗಿದಾಗ ಇದು ಅಷ್ಟಾಗಿ ಕಾಡುವುದಿಲ್ಲ. ಅಡಿಯಲ್ಲಿ ಮ್ಯಾಟ್ ಇರುತ್ತದೆ, ನೆಲವಂತೂ ಬೀಸುವುದಿಲ್ಲ. ಹ್ಯಾಮಕ್‌ನ ಕೆಳಗೆ ಗಾಳಿ ಆಡುತ್ತಲೇ ಇರುತ್ತದೆ, ಮೈಯ ಬಿಸಿಯನ್ನು ಗಳಿಗೆ ಗಳಿಗೆಗೂ ಒಯ್ಯುತ್ತದೆ. ಬೆಂಗಳೂರಿನವರಿಗೆ ಹಿತವೆನಿಸುವ 18 ಡಿಗ್ರಿಯ ರಾತ್ರಿಯಲ್ಲೂ ಬೆಳಗಿನ ಜಾವಕ್ಕೆ ಸೊಂಟದ ಕೆಳಗೆ ಕೊರೆಯತೊಡಗುವುದು ಇದರಿಂದಲೇ. ಅಮೆರಿಕದ ಚಾರಣಿಗರು ಇದಕ್ಕೆ ‘ಕೋಲ್ಡ್ ಬಟ್ ಸಿಂಡ್ರೋಮ್’ ಎಂದು ಮುಲಾಜಿಲ್ಲದೆ ಹೆಸರಿಟ್ಟಿದ್ದಾರೆ. ಅದನ್ನು ಅಚ್ಚಗನ್ನಡದಲ್ಲಿ ಅಚ್ಚು ಹಾಕುವ ಧೈರ್ಯ ಸಂಪಾದಕರಿಗೆ ಬಿಟ್ಟದ್ದು.

ಹ್ಯಾಮಕ್ ಹುಟ್ಟಿದ ನಾಡಿನವರಿಗೆ ಈ ಚಳಿ ಹೊಸದಲ್ಲ. ಅಮೆಜಾನ್ ಕಾಡಿನ ಯನೋಮಾಮಿ ಜನ ಹ್ಯಾಮಕ್‌ಗಳ ಪಕ್ಕದಲ್ಲೇ ಬೆಂಕಿ ಇಟ್ಟುಕೊಂಡು ಮಲಗುತ್ತಾರೆ. ನೈಲಾನ್ ಹ್ಯಾಮಕ್‌ನ ಹತ್ತಿರಕ್ಕೆ ಕೆಂಡ ತರುವಂತಿಲ್ಲವಲ್ಲ, ಈಗಿನವರು ಹಿಡಿದ ದಾರಿ ಅಂಡರ್‌ಕ್ವಿಲ್ಟ್: ಹ್ಯಾಮಕ್‌ನ ಹೊರಗೆ, ಕೆಳಗಡೆ, ಎಲಾಸ್ಟಿಕ್ ದಾರದಲ್ಲಿ ತೂಗುಬಿಡುವ ಹೊದಿಕೆ. ಮೈಭಾರವೆಲ್ಲ ಹ್ಯಾಮಕ್‌ನ ಬಟ್ಟೆಯ ಮೇಲಿರುವುದರಿಂದ ಅದು ಅಪ್ಪಚ್ಚಿಯಾಗದೆ ಉಬ್ಬಿಕೊಂಡೇ ಇರುತ್ತದೆ. ಮೇಲೆ ಹೊದೆಯುವುದು ಟಾಪ್‌ಕ್ವಿಲ್ಟ್. ಅದಕ್ಕೆ ಬೆನ್ನಿಲ್ಲ, ಜಿಪ್ಪಿಲ್ಲ, ಟೋಪಿಯಿಲ್ಲ; ಪಾದದ ಕಡೆ ಮಾತ್ರ ಚೀಲದಂತೆ ಮುಚ್ಚಿರುತ್ತದೆ.

ಅಪ್ಪಚ್ಚಿಯಾಗುವ ತುಪ್ಪುಳವನ್ನು ಯಾಕೆ ಹೊರಬೇಕು ಎಂಬ ಪ್ರಶ್ನೆಯನ್ನು ಚಾರಣಿಗರ ತಲೆಗೆ ಹತ್ತಿಸಿದವರಲ್ಲಿ ರೇ ಜಾರ್ಡಿನ್ ಮುಖ್ಯರು. ಬಂಡೆ ಹತ್ತುವವರು ಬಿರುಕಿಗೆ ಸಿಕ್ಕಿಸುವ ‘ಫ್ರೆಂಡ್ಸ್’ ಸಲಕರಣೆ ಕಂಡುಹಿಡಿದವರೂ ಇವರೇ. 1990ರ ದಶಕದಲ್ಲಿ ಹೆಂಡತಿ ಜೆನ್ನಿಯ ಜೊತೆ ಅಮೆರಿಕದ ಪಶ್ಚಿಮದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆಯುತ್ತಾ ಚೀಲ ಬಿಟ್ಟು ಕ್ವಿಲ್ಟ್ ಹೊದ್ದರು. ಅವರು ಮಲಗುತ್ತಿದ್ದುದು ನೆಲದ ಮೇಲೆ. ಹ್ಯಾಮಕ್‌ನವರು ಆ ವಾದವನ್ನು ಹಾಗೇ ಎತ್ತಿಕೊಂಡರು. ಪೂರ್ವದ ಅಪಲಾಚಿಯನ್ ಟ್ರೇಲ್ 14 ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರ್ ಹಾಯುತ್ತದೆ, ಬಹುಪಾಲು ಕಾಡಿನೊಳಗೇ. ಕಲ್ಲು, ಬೇರು, ಇಳಿಜಾರು ತುಂಬಿದ ಆ ದಾರಿಯಲ್ಲಿ ಡೇರೆಗೆ ಸಮತಟ್ಟು ಜಾಗ ಹುಡುಕುವುದಕ್ಕಿಂತ ಎರಡು ಮರ ಹುಡುಕುವುದು ಸುಲಭ. ಹ್ಯಾಮಕ್, ಅದರ ಜೊತೆಗೆ ಕ್ವಿಲ್ಟ್ ಅಲ್ಲಿ ಬೇರೂರಿದ್ದು ಸಹಜವೇ.

ಹ್ಯಾಮಕ್‌ನಲ್ಲಿ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರುವುದು ಒಂದು ಸರ್ಕಸ್ಸು. ಚೀಲದ ಬಾಯಿ ಬೆನ್ನಡಿಗೆ ಹೋಗುತ್ತದೆ, ಜಿಪ್ಪು ಬಟ್ಟೆ ಕಚ್ಚುತ್ತದೆ, ಸೊಂಟ ಎತ್ತಿದರೆ ಇಡೀ ಹ್ಯಾಮಕ್ ಓಲಾಡುತ್ತದೆ. ಹ್ಯಾಮಕ್‌ನಲ್ಲಿ ಬೆನ್ನು ಚಪ್ಪಟೆಯಾಗಿರಬೇಕಾದರೆ ನಡುಗೆರೆಗೆ ಓರೆಯಾಗಿ ಮಲಗಬೇಕು. ಮೊದಲೇ ಇಕ್ಕಟ್ಟಾದ ‘ಮಮ್ಮಿ’ ಬಗೆಯ ಸ್ಲೀಪಿಂಗ್ ಬ್ಯಾಗ್ ಭುಜವನ್ನು ಬಿಗಿದು ಓರೆಯಾಗಲು ಬಿಡುವುದಿಲ್ಲ. ಕೆಳಗಿನ ಚಳಿಗೆಂದು ಫೋಮ್ ಮ್ಯಾಟ್ ಹಾಸಿದರೆ ಅದು ಜಾರುತ್ತದೆ, ಬಾಗಿ ಮಡಚಿಕೊಳ್ಳುತ್ತದೆ, ಬೆನ್ನು ಬೆವರುತ್ತದೆ. ಬಾಗಿದ ಬಟ್ಟೆ ಭುಜಗಳನ್ನೂ ಎರಡು ಬದಿಯಿಂದ ಒತ್ತುತ್ತದೆ, ಮ್ಯಾಟ್‌ನ ಅಗಲ ಅಲ್ಲಿಗೆ ಸಾಲುವುದಿಲ್ಲ. ಕ್ವಿಲ್ಟ್ ಆದರೆ ಕುಳಿತು ಕಾಲು ತೂರಿಸಿ, ಎದೆಗೆ ಎಳೆದುಕೊಂಡು ಮಲಗಿದರಾಯಿತು. ನೆಮ್ಮದಿಯ ಲೆಕ್ಕದಲ್ಲಿ ಬ್ಯಾಗ್ ಸೋತಿತು, ಚರ್ಚೆಯೇ ಬೇಡ.

ತೂಕದ ಲೆಕ್ಕಕ್ಕೆ ಬಂದಾಗ ಕ್ವಿಲ್ಟ್ ಪಕ್ಷದವರು ಸ್ವಲ್ಪ ಕೈಚಳಕ ತೋರಿಸುತ್ತಾರೆ. ಮೈನಸ್ 7 ಡಿಗ್ರಿಯ ಗುರುತಿರುವ ಡೌನ್ ಬ್ಯಾಗ್ ಸಾಮಾನ್ಯವಾಗಿ 900 ಗ್ರಾಂನಿಂದ 1.2 ಕಿಲೋ ತೂಗುತ್ತದೆ, ಅದೇ ಗುರುತಿನ ಟಾಪ್‌ಕ್ವಿಲ್ಟ್ 600-700 ಗ್ರಾಂ. ನೋಡಿ, ಅರ್ಧ ಕಿಲೋ ಉಳಿಯಿತು ಎನ್ನುತ್ತಾರೆ. ಜೊತೆಗೆ ಬೇಕಾದ ಅಂಡರ್‌ಕ್ವಿಲ್ಟ್‌ನ 500-600 ಗ್ರಾಂ ಬಾಯಿಗೆ ಬರುವುದಿಲ್ಲ. ನ್ಯಾಯವಾಗಿ ಬ್ಯಾಗ್ ಜೊತೆ ಮ್ಯಾಟ್ ಸೇರಿಸಿ, ಕ್ವಿಲ್ಟ್ ಜೊತೆ ಕ್ವಿಲ್ಟ್ ಸೇರಿಸಿ ತೂಗಿದರೆ ಉಳಿತಾಯ ಬಹಳ ಸಲ ಒಂದು ನೀರಿನ ಬಾಟಲಿಗಿಂತ ಕಡಿಮೆ.

ಡಿಗ್ರಿಯ ಗುರುತಿನ ಕಥೆ ಇನ್ನೊಂದು. ಸ್ಲೀಪಿಂಗ್ ಬ್ಯಾಗಿಗೆ ಯುರೋಪಿನಲ್ಲಿ 2002ರಲ್ಲಿ ಇಎನ್ 13537 ಎಂಬ ಮಾನದಂಡ ಬಂತು, ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಬಿಸಿ ಮಾಡಿದ ಆಳೆತ್ತರದ ಬೊಂಬೆಯನ್ನು ಚೀಲದೊಳಗೆ ಮಲಗಿಸಿ ಅಳೆಯುವ ಪರೀಕ್ಷೆ ಅದು. ಆದರೆ ಆ ಬೊಂಬೆ ಮಲಗುವುದು ಮ್ಯಾಟ್ ಮೇಲೆ. ಅಂದರೆ ಬ್ಯಾಗಿನ ಮೇಲೆ ಅಚ್ಚಾದ ಡಿಗ್ರಿಗೆ ಗಾಳಿಯಲ್ಲಿ ತೂಗುವ ಹ್ಯಾಮಕ್‌ನಲ್ಲಿ ಬೆಲೆಯಿಲ್ಲ. ಕ್ವಿಲ್ಟ್‌ಗಳ ಗುರುತಾದರೋ ಬಹುಮಟ್ಟಿಗೆ ತಯಾರಕರು ತಾವೇ ಕೊಟ್ಟುಕೊಂಡದ್ದು. ಎರಡನ್ನೂ ಕಣ್ಣುಮುಚ್ಚಿ ನಂಬಬೇಡಿ. ಐದಾರು ಡಿಗ್ರಿ ಕೂಡಿಸಿಯೇ ಓದಿಕೊಳ್ಳಿ.

ಅಂಡರ್‌ಕ್ವಿಲ್ಟ್‌ಗೂ ಕಾಟಗಳಿವೆ. ವೀಣೆಯ ತಂತಿಯಂತೆ ಅದಕ್ಕೂ ಶ್ರುತಿ ಬೇಕು: ಸಡಿಲವಾದರೆ ಬೆನ್ನಿಗೂ ಹೊದಿಕೆಗೂ ನಡುವೆ ತಣ್ಣನೆಯ ಗಾಳಿ ಸೇರುತ್ತದೆ, ಬಿಗಿಯಾದರೆ ಹೊದಿಕೆಯೇ ಚಪ್ಪಟೆಯಾಗುತ್ತದೆ. ಕತ್ತಲಲ್ಲಿ ಎದ್ದುಹೋಗಿ ಬಂದು ಮಲಗುವಾಗ ಅದು ಒಂದು ಬದಿಗೆ ಸರಿದಿರುತ್ತದೆ. ಕುತ್ತಿಗೆಯಿಂದ ಮೀನಖಂಡದವರೆಗಷ್ಟೇ ಬರುವ ಮುಕ್ಕಾಲು ಅಳತೆಯದನ್ನು ಕೊಂಡವರು ಪಾದದಡಿಗೆ ಒಂದು ಫೋಮ್ ತುಂಡು ಒಯ್ಯಬೇಕು. ಎರಡು ಕ್ವಿಲ್ಟ್ ಎಂದರೆ ಎರಡು ಖರ್ಚು. ನಾರ್ತ್ ಕೆರೊಲಿನಾದ ಎಡ್ ಸ್ಪಿಯರ್ ಹ್ಯಾಮಕ್ಕನ್ನೇ ಒಳಗಿಟ್ಟು ಸುತ್ತ ಮುಚ್ಚುವ ‘ಪೀಪಾಡ್’ ಎಂಬ ಮೂರನೆಯ ಬಗೆಯನ್ನೂ ತಂದಿದ್ದರು. ಬೆನ್ನಿಗೆ ಚೆನ್ನ, ಮೈಮೇಲೆ ಮಾತ್ರ ಹೊದಿಕೆಗೂ ಎದೆಗೂ ನಡುವೆ ಖಾಲಿ ಜಾಗ ಉಳಿಯುತ್ತಿತ್ತು.

ಇನ್ನು ನಮ್ಮ ಕಡೆಯ ಮಾತು. ಮುಳ್ಳಯ್ಯನಗಿರಿ, ಕುಮಾರಪರ್ವತಗಳ ನೆತ್ತಿ ಬರೀ ಹುಲ್ಲು, ಹ್ಯಾಮಕ್ ಕಟ್ಟಲು ಮರವಿಲ್ಲ. ಮರಗಳಿರುವ ಶೋಲಾ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ, ಉಳಿಯಲೂ ಬಾರದು. ಹಾಗಾಗಿ ಬಹುಮಂದಿಗೆ ಸಿಗುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್‌ಗಳ ನಡುವಿನ ಜಾಗ. ಅಲ್ಲಿ ಚಳಿಗಿಂತ ದೊಡ್ಡ ಶತ್ರು ತೇವ. ಮಂಜು ಕುಡಿದ ತುಪ್ಪುಳ ಮುದ್ದೆಯಾಗಿ ಉಬ್ಬನ್ನೇ ಕಳೆದುಕೊಳ್ಳುತ್ತದೆ, ಒಣಗಲು ದಿನಗಟ್ಟಲೆ ಬೇಕು. ಸಿಂಥೆಟಿಕ್ ಹೊದಿಕೆ ತುಸು ಭಾರವಾದರೂ ಒದ್ದೆಯಲ್ಲೂ ಬಿಸಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ, ಬೆಲೆಯೂ ಕಡಿಮೆ. ಘಟ್ಟಕ್ಕೆ ಡೌನ್ ಕೊಳ್ಳುವುದು ದುಂದು ಎಂದೇ ಹೇಳುತ್ತೇನೆ. ತೋಟದವರೆಗೂ ಕಾರಿನಲ್ಲೇ ಹೋಗುವವರ ಮನೆಯಲ್ಲಿ ಉತ್ತರ ಕರ್ನಾಟಕದ ಕೌದಿಯಿದ್ದರೆ ಅದನ್ನೇ ಹ್ಯಾಮಕ್‌ನೊಳಗೆ ಹಾಸಿ ನೋಡಬಹುದು. ಹಳೆಯ ಸೀರೆಗಳ ಪದರಗಳನ್ನು ಒತ್ತೊತ್ತಾಗಿ ಹೊಲಿದ ಕೌದಿ ಮೊದಲೇ ಚಪ್ಪಟೆ, ಮೈಭಾರಕ್ಕೆ ಇನ್ನು ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಬೆನ್ನಿಗೆ ಹೊತ್ತು ನಡೆಯುವ ಮಾತು ಬೇಡ, ಕೌದಿ ಭಾರ.

ಹಿಮಾಲಯದ ಚಾರಣಕ್ಕೂ ಒಂದೇ ಸಾಮಾನು ಸಾಕೆಂದು ಬಯಸುವವರು ಬ್ಯಾಗನ್ನೇ ಇಟ್ಟುಕೊಳ್ಳಲಿ. ಅಲ್ಲಿನ ಎತ್ತರದ ಶಿಬಿರಗಳಲ್ಲಿ ಮರಗಳೇ ಮುಗಿದಿರುತ್ತವೆ, ಹಿಮದ ಮೇಲಿನ ಡೇರೆಯಲ್ಲಿ ತಲೆಯಿಂದ ಕಾಲಿನವರೆಗೂ ಮುಚ್ಚುವ ಚೀಲಕ್ಕೆ ಸಮನಾದದ್ದಿಲ್ಲ. ನಿದ್ದೆಯಲ್ಲಿ ಹೊರಳಾಡುವವರಿಗೆ ಅಲ್ಲಿ ಕ್ವಿಲ್ಟ್‌ನ ಅಂಚಿನಿಂದ ತಣ್ಣನೆಯ ಗಾಳಿ ನುಗ್ಗುತ್ತಲೇ ಇರುತ್ತದೆ.

ಹ್ಯಾಮಕ್‌ನಲ್ಲೇ ಮಲಗುತ್ತೇನೆ ಎನ್ನುವವರು ಟಾಪ್‌ಕ್ವಿಲ್ಟ್‌ಗೆ ಆತುರಪಡಬೇಡಿ. ಮೊದಲ ದುಡ್ಡು ಒಂದು ಸಿಂಥೆಟಿಕ್ ಅಂಡರ್‌ಕ್ವಿಲ್ಟ್‌ಗೆ ಹೋಗಲಿ. ನಿಮ್ಮಲ್ಲಿರುವ ಸ್ಲೀಪಿಂಗ್ ಬ್ಯಾಗಿನ ಜಿಪ್ಪನ್ನು ಪಾದದ ಹತ್ತಿರ ಒಂದಿಷ್ಟು ಬಿಟ್ಟು ಪೂರ್ತಿ ಬಿಚ್ಚಿ, ಮೇಲೆ ಎಳೆದುಕೊಳ್ಳಿ, ಕ್ವಿಲ್ಟ್ ಆಯಿತು. ಅರ್ಧಕ್ಕೇ ನಿಲ್ಲುವ ಜಿಪ್ಪಿನ ಬ್ಯಾಗ್ ಇದ್ದವರು ಮಾತ್ರ ಟಾಪ್‌ಕ್ವಿಲ್ಟ್‌ನ ಅಂಗಡಿಗೆ ಹೋಗಿ.