ಮೇನ್ ಥಿಯೇಟರ್ ಕಳೆದುಕೊಂಡವರಿಗೆ ಮೂರು ಸಿನಿಮಾ

ಮೆಜೆಸ್ಟಿಕ್ ಅನ್ನುವುದು ಮೂಲತಃ ಒಂದು ಥಿಯೇಟರಿನ ಹೆಸರು. ಥಿಯೇಟರ್ ಹೋಯಿತು, ಕಂಡಕ್ಟರುಗಳು ಇನ್ನೂ ಅದನ್ನೇ ಕೂಗುತ್ತಾರೆ. ಅಲಂಕಾರ್ ಇದ್ದಲ್ಲಿ ಅಲಂಕಾರ್ ಪ್ಲಾಜಾ ಎದ್ದಿತು. ಸಾಗರ್ ಹೋಯಿತು. 1968ರಲ್ಲಿ ಸಿನೆರಾಮಾ ತೆರೆಯ ಠೀವಿಯಿಂದ ಶುರುವಾದ ಕಪಾಲಿಯೂ ನೆಲಸಮವಾಯಿತು. ಕೆ.ಜಿ. ರಸ್ತೆಯಲ್ಲಿ ಕಟೌಟ್ ಏಳದಿದ್ದರೆ ಸಿನಿಮಾ ಬಿಡುಗಡೆಯಾಗಿದೆ ಎಂದೇ ಗಾಂಧಿನಗರ ಒಪ್ಪದ ಕಾಲವೊಂದಿತ್ತು. ‘ಮೇನ್ ಥಿಯೇಟರ್ ಯಾವುದು?’ ಎಂದು ಕೇಳಿ ಬೆಳೆದವರಿಗಾಗಿ ಈ ವಾರದ ಶಿಫಾರಸು. ಮೂರೂ ಪರಭಾಷೆಯವು, ಮೂರೂ ಥಿಯೇಟರಿನ ಕಥೆಗಳೇ.

ಇಂಥ ಮಾತು ಬಂದಾಗ ಎಲ್ಲರೂ ಮೊದಲು ಹೇಳುವುದು ಇಟಲಿಯ ‘ಸಿನಿಮಾ ಪ್ಯಾರಡಿಸೊ’ (1988). ಸಿಸಿಲಿಯ ಪುಟ್ಟ ಊರು, ಆಪರೇಟರ್ ಆಲ್ಫ್ರೆಡೊ, ಕ್ಯಾಬಿನ್ ಬಿಟ್ಟು ಕದಲದ ಹುಡುಗ ತೋತೊ, ಮುತ್ತಿನ ದೃಶ್ಯ ಬಂದೊಡನೆ ಗಂಟೆ ಬಾರಿಸಿ ಕತ್ತರಿ ಹಾಕಿಸುವ ಪಾದ್ರಿ. ಚೆನ್ನಾಗಿದೆ, ಅಳಿಸುತ್ತದೆ. ಆದರೆ ಸಕ್ಕರೆ ಒಂದು ಚಮಚ ಜಾಸ್ತಿ. ನಿರ್ದೇಶಕ ತೊರ್ನತೊರೆ ಮುಂದೆ ಮೂರು ಗಂಟೆಯ ಹತ್ತಿರಕ್ಕೆ ಎಳೆದ ಆವೃತ್ತಿಯನ್ನು ಮುಟ್ಟಬೇಡಿ. ಹಳೇ ಪ್ರೇಯಸಿಯನ್ನು ಮತ್ತೆ ಕರೆತಂದು ಕೂರಿಸಿ ಕಥೆಯನ್ನೇ ಕೆಡಿಸಿದ್ದಾರೆ. ಎರಡು ಗಂಟೆಯದ್ದೇ ಸರಿ.

ನನ್ನ ಓಟು ತೈವಾನಿನ ‘ಗುಡ್‌ಬೈ, ಡ್ರ್ಯಾಗನ್ ಇನ್’ಗೆ (2003). ತ್ಸಾಯ್ ಮಿಂಗ್-ಲಿಯಾಂಗ್ ನಿರ್ದೇಶನ, ಒಂದು ಗಂಟೆ ಇಪ್ಪತ್ತು ನಿಮಿಷ ಚಿಲ್ಲರೆ. ತೈಪೆಯ ಹಳೇ ದೊಡ್ಡ ಥಿಯೇಟರ್, ಮುಚ್ಚುವ ಮುನ್ನ ಕೊನೇ ಆಟ, ಹೊರಗೆ ಜಡಿಮಳೆ, ಒಳಗೂ ತೊಟ್ಟಿಕ್ಕುವ ಸೂರು. ತೆರೆಯ ಮೇಲೆ 1967ರ ಕತ್ತಿವರಸೆ ಚಿತ್ರ ‘ಡ್ರ್ಯಾಗನ್ ಇನ್’. ನೋಡುವವರು ಬೆರಳೆಣಿಕೆಯಷ್ಟು. ಅವರಲ್ಲಿ ಇಬ್ಬರು ಮುದುಕರು ಆ ಕತ್ತಿವರಸೆ ಚಿತ್ರದಲ್ಲೇ ನಟಿಸಿದ್ದ ಕಲಾವಿದರು. ತಮ್ಮ ಯೌವನವನ್ನು ತಾವೇ ನೋಡುತ್ತ ಕೂತಿದ್ದಾರೆ. ಒಬ್ಬಳು ಹೆಂಗಸು ಕುಟುಂ ಕುಟುಂ ಎಂದು ಬೀಜ ಕಡಿಯುತ್ತಾಳೆ. ನಮ್ಮಲ್ಲಾದರೆ ಅದು ಕಡ್ಲೆಕಾಯಿ, ಅಷ್ಟೇ ವ್ಯತ್ಯಾಸ.

ಟಿಕೆಟ್ ಕೊಡುವ ಹುಡುಗಿಯ ಕಾಲಿಗೆ ಪೋಲಿಯೊ ಪಟ್ಟಿ. ಹಬೆಯಲ್ಲಿ ಬೆಂದ ಗುಲಾಬಿ ಬಣ್ಣದ ಸಿಹಿ ಕಡುಬನ್ನು ಅರ್ಧ ಮಾಡಿ, ಆಪರೇಟರ್‌ಗೆಂದು ಮೆಟ್ಟಿಲು ಹತ್ತಿ ಹೋಗುತ್ತಾಳೆ. ಆ ಕಾಲಿನ ಸದ್ದು ಕಾರಿಡಾರಿನುದ್ದಕ್ಕೂ ಕೇಳಿಸುತ್ತದೆ. ಕ್ಯಾಬಿನ್‌ನಲ್ಲಿ ಸಿಗರೇಟು ಹೊಗೆಯಾಡುತ್ತಿದೆ, ಆಸಾಮಿ ಇಲ್ಲ. ಆಟ ಮುಗಿದ ಮೇಲೆ ಕಸ ಗುಡಿಸುತ್ತ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಯಿಂದ ಇಳಿದು ಆಕೆ ಹೊರಟುಹೋಗುತ್ತಾಳೆ, ಕ್ಯಾಮೆರಾ ಹೋಗುವುದಿಲ್ಲ. ಖಾಲಿ ಕುರ್ಚಿಗಳನ್ನೇ ನಿಮಿಷಗಟ್ಟಲೆ ನೋಡುತ್ತ ನಿಲ್ಲುತ್ತದೆ. ಬೇರೆಯವರಿಗೆ ಬೇಜಾರಾಗಬಹುದು. ನರ್ತಕಿಯ ಮುಂದೆ ಬಿಸಿಲಲ್ಲಿ ಕ್ಯೂ ನಿಂತು ಗೊತ್ತಿರುವವರಿಗೆ ಆ ಹೊತ್ತು ಸಾಲುವುದಿಲ್ಲ. ಸಬ್‌ಟೈಟಲ್ ಓದುವ ಕಷ್ಟವೂ ಇಲ್ಲ: ಅರ್ಧ ಸಿನಿಮಾ ಕಳೆಯುವ ತನಕ ಪಾತ್ರಗಳು ಬಾಯಿಯೇ ಬಿಡುವುದಿಲ್ಲ. ಬಿಟ್ಟಾಗ ಬರುವ ಮೊದಲ ಮಾತೇ, ಈ ಥಿಯೇಟರಿನಲ್ಲಿ ದೆವ್ವಗಳಿವೆ ಎಂಬುದು.

ಮೂರನೆಯದು ಬ್ರೆಜಿಲ್‌ನ ಸಾಕ್ಷ್ಯಚಿತ್ರ ‘ಪಿಕ್ಚರ್ಸ್ ಆಫ್ ಘೋಸ್ಟ್ಸ್’ (2023), ಭಾಷೆ ಪೋರ್ಚುಗೀಸ್. ನಿರ್ದೇಶಕ ಕ್ಲೆಬರ್ ಮೆಂಡೊನ್ಸಾ ಫಿಲ್ಯೊ ಒಂದು ಕಾಲಕ್ಕೆ ಸಿನಿಮಾ ವಿಮರ್ಶಕ. ತನ್ನೂರು ರೆಸಿಫೆಯ ಪೇಟೆಯಲ್ಲಿದ್ದ ಥಿಯೇಟರುಗಳನ್ನು ಒಂದೊಂದಾಗಿ ಹುಡುಕುತ್ತ ಹೋಗುತ್ತಾನೆ. ಬೀದಿಯ ಹಳೇ ಫೋಟೋಗಳಲ್ಲಿ ಥಿಯೇಟರಿನ ಬೋರ್ಡು ಓದಿ, ಆ ವಾರ ಯಾವ ಚಿತ್ರ ನಡೆಯುತ್ತಿತ್ತೆಂದು ಪತ್ತೆಹಚ್ಚುತ್ತಾನೆ. ವಿದ್ಯಾರ್ಥಿಯಾಗಿದ್ದಾಗ ವಿಡಿಯೊ ಕ್ಯಾಮೆರಾ ಹಿಡಿದು ಹಳೇ ಆಪರೇಟರೊಬ್ಬರ ಹಿಂದೆ ಬಿದ್ದಿದ್ದನಲ್ಲ, ಆ ತುಣುಕುಗಳೇ ಈ ಚಿತ್ರದ ಜೀವ. ‘ಗಾಡ್‌ಫಾದರ್’ ಹಾಕಿ ಹಾಕಿ ಸಾಕಾಗಿಹೋಗಿತ್ತು ಎನ್ನುತ್ತಾರೆ ಆ ಮನುಷ್ಯ! ನೂರು ದಿನ ಒಂದೇ ರೀಲು ಓಡಿಸಿದ ನಮ್ಮ ಕೆ.ಜಿ. ರಸ್ತೆಯ ಆಪರೇಟರುಗಳನ್ನು ಕೇಳಿದ್ದರೆ ಅವರು ಎಂಥೆಂಥ ಚಿತ್ರಗಳ ಹೆಸರು ಹೇಳುತ್ತಿದ್ದರೋ. ಶತದಿನೋತ್ಸವದ ಫೋಟೋಗಳಲ್ಲಿ ಹಾರ ಹಾಕಿಕೊಂಡವರೆಲ್ಲ ಇದ್ದಾರೆ, ಇವರಿಲ್ಲ.

ನೋಡುವುದಾದರೆ ರೆಸಿಫೆಯಿಂದಲೇ ಶುರುಮಾಡಿ, ತೈಪೆಯದನ್ನು ರಾತ್ರಿ ಫೋನ್ ಆಫ್ ಮಾಡಿ ನೋಡಿ. ಪ್ಯಾರಡಿಸೊ ಮನೆಮಂದಿಯ ಜೊತೆ, ಭಾನುವಾರಕ್ಕಿರಲಿ.