ತಾರೀಕು ಇದೆ, ಅಳತೆ ಇಲ್ಲ

ರೂಪನಗುಡಿಯಲ್ಲೋ ಬಳ್ಳಾರಿಯಲ್ಲೋ ಹಳೆಯ ಕಾರು ಕೊಳ್ಳಹೊರಟವರು ಕೆಎ-34ರಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡುತ್ತಾರೆ. ‘ಫಿಟ್‌ನೆಸ್’ ಎಂಬಲ್ಲಿ ಐದು ವರ್ಷ ಮುಂದಿನ ತಾರೀಕು ಕಂಡರೆ ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆಗೆ ಆಧಾರವಿದೆಯೇ?

ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ ಸ್ವಂತ ಬಳಕೆಯ ಕಾರಿನ ನೋಂದಣಿಗೆ 15 ವರ್ಷದ ಮಾನ್ಯತೆ. ಅಲ್ಲಿಯವರೆಗೆ ಫಿಟ್‌ನೆಸ್ ತಪಾಸಣೆ ಕಡ್ಡಾಯವಲ್ಲ. ಅನಂತರ ಐದು ವರ್ಷಕ್ಕೊಮ್ಮೆ ನವೀಕರಣ. ಅಂದರೆ ಹತ್ತು ವರ್ಷದ ಕಾರಿನ ಆ ತಾರೀಕು ಯಾವ ಪರೀಕ್ಷೆಯ ಫಲವೂ ಅಲ್ಲ. ನೋಂದಣಿಯ ದಿನಕ್ಕೆ 15 ವರ್ಷ ಕೂಡಿಸಿದ ಲೆಕ್ಕ ಅಷ್ಟೆ. ಹೊಗೆ ತಪಾಸಣೆಯ ಪ್ರಮಾಣಪತ್ರದಲ್ಲಿ ಅಳತೆಯೇನೋ ಇರುತ್ತದೆ: ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಕಾರಿಗೆ ಹೊಗೆಯ ಸಾಂದ್ರತೆ. ಆದರೆ ಬ್ರೇಕು, ಸ್ಟಿಯರಿಂಗು, ತುಕ್ಕುಗಳ ಬಗ್ಗೆ ಅದು ಏನನ್ನೂ ಹೇಳದು.

ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ಎಂ.ಓ.ಟಿ. ಪರೀಕ್ಷೆ ನಡೆಯುತ್ತದೆ. ಕಾರು ಅನುತ್ತೀರ್ಣವಾದ ಕಾರಣವನ್ನೂ ಅಂದು ಓಡೋಮೀಟರ್ ತೋರಿಸಿದ ಅಂಕಿಯನ್ನೂ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಮ್ಮ ದಾಖಲೆಯ ಕೊರತೆ ಇಲ್ಲೇ ಇದೆ: ಅದು ಗಡುವನ್ನು ತಿಳಿಸುತ್ತದೆ, ಸ್ಥಿತಿಯನ್ನಲ್ಲ.

ಹಾಗಾದರೆ ನೀವೇನು ಮಾಡಬಹುದು? ಮಾರುವವರಿಂದ ಸರ್ವಿಸ್ ಬಿಲ್ಲುಗಳನ್ನು ಕೇಳಿ ಪಡೆಯಿರಿ. ತಾರೀಕನ್ನು ಅಡ್ಡ ಅಕ್ಷದಲ್ಲಿ, ಕಿಲೋಮೀಟರನ್ನು ಲಂಬ ಅಕ್ಷದಲ್ಲಿ ಗುರುತಿಸಿ ಗ್ರಾಫ್ ಎಳೆಯಿರಿ. ರೇಖೆ ಎಲ್ಲಾದರೂ ಕೆಳಗಿಳಿದರೆ ಮೀಟರನ್ನು ಹಿಂದಕ್ಕೆ ತಿರುಗಿಸಿರಬೇಕು ಅಥವಾ ಬದಲಾಯಿಸಿರಬೇಕು, ಕಾರಣ ಕೇಳಿ. ಇಳಿಯದಿದ್ದರೂ ಪರಿಚಿತ ಮೆಕ್ಯಾನಿಕ್‌ನಿಂದ ಬ್ರೇಕು, ಸ್ಟಿಯರಿಂಗು, ತಳಭಾಗಗಳನ್ನು ನೋಡಿಸಿಯೇ ಹಣ ಕೊಡಿ. ಶಿಕ್ಷಕರೇ, ಗ್ರಾಫ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?